ಅಲುಗಿದ ಫೋಟೋ

ಫೋಟೋ ತೆಗೆಸಿಕೊಳ್ಳುವುದೆಂದರೆ ನನಗೆ ಹಲ್ಲು ಕೀಳಿಸಿಕೊಂಡ ಹಾಗೆ. ಅದನ್ನು ಅಪ್ಪನಿಗೆ ಮೊದಲೇ ಹೇಳಿದ್ದೆ.

"ಬದಾಮಿ ಗಂಡಿನವರಿಗೆ ನನ್ನ ನೋಡೂದಿದ್ರ ಬಸ್ಸ ಹತ್ತಿ ಬರಲಿ. ಬಿಚ್ಚಿ ತೋರ್ಸಾಕ ನಾ ಏನ್ ಸೀರಿ ಸೆರಗೇನು?"

ನನ್ನಪ್ಪ ಅಂದಪ್ಪನಿಗೆ ಇಳಕಲ್ಲಿನಲ್ಲಿ ನಾಲ್ಕು ಮಗ್ಗ. ಅಂಗಡಿಯವರ ಮುಂದೆ ಸೆರಗು ಬಿಚ್ಚಿ ತೋರಿಸಿ, ಅವರು ಮೂಗು ಮುರಿದರೆ ಮತ್ತೆ ಮಡಚಿ ರೂಢಿಯಾಗಿದ್ದ ಅವನಿಗೆ ಯಾವ ಮಾತಿಗೂ ಸಿಟ್ಟು ಬರುತ್ತಿರಲಿಲ್ಲ. "ಮೊದಲ ಫೋಟೋ ಹೋಗಬೇಕು, ಆಮ್ಯಾಲ ಅವರು ಬರಬೇಕು. ಈಗ ಎಲ್ಲಾ ಕಡೆ ಹಂಗ ಐತಿ," ಎಂದ. ತಾನೇ ನೇಯ್ದ ದಾಳಿಂಬೆ ಬಣ್ಣದ ಸೀರೆಯನ್ನು ನನ್ನ ಮುಂದೆ ಇಟ್ಟು ಹೊರಗೆ ಹೋದ. ಮುಗಿಯಿತು, ಅವನ ಪಾಲಿಗೆ.

ಅದು ಎಪ್ಪತ್ತೆಂಟರ ಬೇಸಿಗೆ. ನನಗೆ ಹತ್ತೊಂಬತ್ತು. ಹೆಸರು ಬಸಲಿಂಗವ್ವ, ಕರೆಯುವುದು ಬಸಲಿ, ಸಿಟ್ಟು ಬಂದಾಗ ಕರೆಯುವುದು ಬಾಲ ಸುಟ್ಟ ಬೆಕ್ಕು. ಸಿಟ್ಟು ಎಲ್ಲರಿಗೂ ದಿನಾ ಬರುತ್ತಿತ್ತು. ಕೂತು ಉಣ್ಣುವುದು ನನಗೆ ಬರುವುದಿಲ್ಲ. ರೊಟ್ಟಿ ಕೈಯಲ್ಲಿ ಹಿಡಿದು ಅಂಗಳ, ಮಗ್ಗದ ಕೋಣೆ, ಮಾಳಿಗೆ ಎಂದು ತಿರುಗುತ್ತಲೇ ತಿಂದು ಮುಗಿಸುತ್ತೇನೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವುದನ್ನು ಅಪ್ಪ ಕಲಿಸಲು ನೋಡಿದ. ಒಂದು ಮೊಳ ನೇಯುವುದರೊಳಗೆ ನಾನು ಬೀದಿಯಲ್ಲಿರುತ್ತಿದ್ದೆ. ಈ ಕಾಲು ಯಾರಿಂದ ಬಂದವೋ ನನಗೆ ಗೊತ್ತಿರಲಿಲ್ಲ. ಅಪ್ಪ ಕೂತರೆ ಗುಂಡುಕಲ್ಲು. ಅವ್ವನೂ ಹಾಗೇ ಇದ್ದಳೆಂದು ತಿಳಿದಿದ್ದೆ. ಫೋಟೋ ಇತ್ತಲ್ಲ, ಗೋಡೆಯ ಮೇಲೆ.

ಅವ್ವ ಇಂದ್ರಾಬಾಯಿ ಜ್ವರ ಬಂದು ತೀರಿಕೊಂಡಾಗ ನನಗೆ ವರ್ಷ ತುಂಬಿರಲಿಲ್ಲ. ನಾನು ಬಲ್ಲ ಅವ್ವ ಎಂದರೆ ಆ ಫೋಟೋದ ಅವ್ವ. ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಕೂತಿದ್ದಾಳೆ. ಹೊಸ ಸೀರೆ, ಕೈ ತುಂಬ ಬಳೆ, ಹಣೆಗೆ ಮೂರು ಬೆರಳ ವಿಭೂತಿ. ತೊಡೆಯ ಮೇಲೆ ನಾನು. ಎಡಗೈಯ ಅಂಗೈ ಮೇಲೆ ಮಾಡಿಕೊಂಡಿದ್ದಾಳೆ, ಅದು ಅರ್ಧ ನನ್ನ ಕಾಲಡಿಗೆ ಮುಚ್ಚಿಹೋಗಿದೆ. ನಮ್ಮ ಮನೆಯಲ್ಲಿ ಎಲ್ಲರೂ ಬೆಳಿಗ್ಗೆ ಮಿಂದು ಹಾಗೇ ಕೂರುತ್ತಾರೆ, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು. ಪೂಜೆಗೆ ಕೂತವಳ ತೊಡೆ ಏರಿದ್ದೇನೆ, ಅವಳು ಬೈಯದೆ ಕೂರಿಸಿಕೊಂಡಿದ್ದಾಳೆ ಎಂದು ನಾನೇ ಅರ್ಥ ಮಾಡಿಕೊಂಡಿದ್ದೆ. ಅಲ್ಲ ಎಂದು ಯಾರೂ ಹೇಳಿರಲಿಲ್ಲ. ಅವಳ ಕಣ್ಣು ದೊಡ್ಡವು, ನೇರ ನೋಡುವಂಥವು. ನಾನು ಮಾತ್ರ ಆ ಫೋಟೋದಲ್ಲಿ ಮಸುಕು. ಮುಖ ಅತ್ತ ಇತ್ತ ತಿರುಗಿಸಿ ಕೆಡಿಸಿಟ್ಟಿದ್ದೇನೆ. ಪಕ್ಕದಿಂದ ಒಂದು ಕೈ ಬಂದು ನನ್ನನ್ನು ಹಿಡಿದಿದೆ, ಬೆಳ್ಳಿ ಕಡಗದ ಕೈ. ಅದು ಅಜ್ಜಿಯದು.

ಅಜ್ಜಿ ಗುರುಲಿಂಗವ್ವ ಅವ್ವನ ತಾಯಿ. ಮಗಳ ಮಣ್ಣಿಗೆಂದು ಶಿರೂರಿನಿಂದ ಬಂದವಳು ನನ್ನನ್ನು ಎತ್ತಿಕೊಂಡು ಇಲ್ಲೇ ಉಳಿದಳು. ಅಪ್ಪ ಸೋಮವಾರಕ್ಕೊಮ್ಮೆ ಮಲ್ಲಿಗೆ ತಂದು ಆ ಫೋಟೋಕ್ಕೆ ಏರಿಸುತ್ತಿದ್ದ. ಅಜ್ಜಿ ಮಾತ್ರ ಅದರ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ. ಕೇಳಿದರೆ, "ನನ್ನ ಕಣ್ಣ ಮಂಜ ಆಗ್ಯಾವು," ಎನ್ನುತ್ತಿದ್ದಳು. ಮಂಜು ಎಲ್ಲಿಂದ ಬಂತು, ಸಜ್ಜೆಯಲ್ಲಿನ ಹರಳು ಒಂದೂ ಅವಳ ಕೈ ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ. ಇರಲಿ, ಮುದುಕಿ, ದುಃಖ, ಎಂದು ಬಿಟ್ಟಿದ್ದೆ. ನನಗೆ ಆ ಫೋಟೋ ಬೇಕಾಗಿತ್ತು. ಶಾಲೆಯಲ್ಲಿ ಹೊಡೆಸಿಕೊಂಡು ಬಂದಾಗ, ಅಪ್ಪನ ಮೇಲೆ ಮುನಿದಾಗ, ಅದರ ಕೆಳಗೆ ನಿಂತು ಎಲ್ಲವನ್ನೂ ಒದರುತ್ತಿದ್ದೆ. ಅವ್ವ ಕೇಳಿಸಿಕೊಳ್ಳುತ್ತಿದ್ದಳು. ಅಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರು ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ.

ಇಳಕಲ್ಲಿನಲ್ಲೇ ಝಗ್ಗೆಂದು ಬೆಳಕು ಹೊಡೆದು ಫೋಟೋ ತೆಗೆಯುವ ಅಂಗಡಿಗಳು ಆಗಲೇ ಬಂದಿದ್ದವು. ಅಪ್ಪನಿಗೆ ಹುನಗುಂದದ ಜಾಫರಸಾಬನೇ ಆಗಬೇಕು. "ಆತನ ಕೈ ಗಟ್ಟಿ, ನಮ್ಮ ಮನಿ ಫೋಟೋ ಎಲ್ಲಾ ಆತಂದ," ಎಂದ. ಎಲ್ಲಾ ಎಂದರೆ ಆ ಒಂದೇ. ಬಸ್ಸಿನಲ್ಲಿ ಹೋದೆವು. ಸೀರೆ ಮುದುಡುತ್ತದೆಂದು ಅಪ್ಪ ನನ್ನನ್ನು ದಾರಿಯುದ್ದಕ್ಕೂ ಮಿಸುಕಗೊಡಲಿಲ್ಲ. ಇಳಿದಾಗ ನನಗೆ ಮೈಯೊಳಗೆ ಇರುವೆ ಬಿಟ್ಟಂತಾಗಿತ್ತು.

ಜಾಫರಸಾಬ ಮುದುಕ, ತೆಳ್ಳಗೆ, ಬಿಳಿ ಗಡ್ಡ. ಅಂಗಡಿಯಲ್ಲಿ ಕರೆಂಟು ಇರಲಿಲ್ಲ. ಛಾವಣಿಯ ಗಾಜಿನಿಂದ ಬೆಳಕು ಇಳಿಯುತ್ತಿತ್ತು. ಅರಮನೆಯ ಮೆಟ್ಟಿಲು ಬರೆದ ಪರದೆಯ ಮುಂದೆ ಒಂದು ಕುರ್ಚಿ, ಅದರ ಎದುರಿಗೆ ಮೂರು ಕಾಲಿನ ಮೇಲೆ ಮರದ ಕ್ಯಾಮೆರಾ, ಕರಿ ಬಟ್ಟೆ. ಅಪ್ಪ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಪೇಟೆಯ ಅಂಗಡಿಗೆ ಸೀರೆ ಗಂಟು ಮುಟ್ಟಿಸಿ ಬರುತ್ತೇನೆಂದು ಹೋದ.

"ಕರೆಂಟ ಇಲ್ಲ, ಹಂಗಾಗಿ ಸ್ವಲ್ಪ ಹೊತ್ತ ತಗೊಂತೈತಿ," ಎಂದ ಜಾಫರಸಾಬ. "ನಾ ಈ ಮುಚ್ಚಳ ತಗದು ಎಣಸೂತನ ಉಸಿರ ಹಿಡಿ. ಅಲಗಿದಿ ಅಂದ್ರ ಹೋತು."

ಮುಚ್ಚಳ ತೆಗೆದ. ನನ್ನ ಮೂಗು ತುರಿಸಿತು.

"ಹೋತು," ಎಂದ.

ಎರಡನೆಯ ಸಲ ಬೀದಿಯಲ್ಲಿ ಯಾರೋ ಸೈಕಲ್ಲಿನಿಂದ ಬಿದ್ದರು. ಬಿದ್ದದ್ದು ಯಾರೆಂದು ನೋಡದೆ ಇರಲು ನಾನೇನು ಕಲ್ಲಿನ ಬಸವಣ್ಣನೇ? ತಿರುಗಿದೆ. ಜಾಫರಸಾಬ ಮುಚ್ಚಳ ಹಾಕಿ ನಕ್ಕುಬಿಟ್ಟ.

"ನೂಲಿನಂಗ ಸೀರಿ, ತಾಯಿಯಂಗ ಮಗಳು. ನಿಮ್ಮವ್ವನೂ ಇದ ಕುರ್ಚಿ ಮ್ಯಾಲ ಕುಂತು ನನ್ನ ಹಿಂಗ ಸತಾಯಿಸಿದ್ಲು, ಬೇಟಿ. ಒಂದರಾಗೂ ನಿಂದರಲಿಲ್ಲ."

"ನಮ್ಮವ್ವನ?" ನನಗೆ ನಗು ಬಂತು. "ಯಾರನ್ನ ನೆನಸ್ಕೊಂಡ ಯಾರ ಹೆಸರ ಹೇಳ್ತೀರಿ, ಚಾಚಾ. ನಮ್ಮವ್ವ ಮನ್ಯಾಗಿನ ಫೋಟೋದಾಗ ಎಷ್ಟ ಚಂದ ಕುಂತಾಳ. ಕೂದಲೆಳಿನೂ ಅಲಗಿಲ್ಲ. ಅದೂ ನೀವ ತಗದದ್ದಂತ."

ಅವನ ನಗು ನಿಂತುಹೋಯಿತು. ಕರಿ ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ಅದೂ ನಾನ ತಗದದ್ದು," ಎಂದ.

"ಮತ್ತ?"

"ನಿಮ್ಮಪ್ಪ ನಿನಗ ಹೇಳಿರಬೇಕು ಅನ್ಕೊಂಡಿದ್ನಿ."

"ಏನ್ ಹೇಳಬೇಕಿತ್ತು?" ನಾನು ಕುರ್ಚಿಯಿಂದ ಎದ್ದಿದ್ದೆ. "ಹೇಳ್ರಿ. ಅರ್ಧ ಹೇಳಿ ಬಿಡಬ್ಯಾಡ್ರಿ, ನನಗ ತಡಕೊಳ್ಳಾಕ ಆಗೂದಿಲ್ಲ."

ಅವನು ಹೇಳಿದ. ಮುಖ ನೋಡದೆ, ಕ್ಯಾಮೆರಾದ ಮರದ ಮೇಲೆ ಕೈಯಾಡಿಸುತ್ತ ಹೇಳಿದ. ಅವ್ವ ಹೋದ ದಿನ ಅಪ್ಪ ಹುನಗುಂದಕ್ಕೆ ಆಳು ಕಳಿಸಿದನಂತೆ. ಇವನು ಕ್ಯಾಮೆರಾ ಹೊತ್ತು ಬಸ್ಸಿನಲ್ಲಿ ಬಂದಾಗ ಅವ್ವನನ್ನು ಮೈತೊಳೆದು, ಹೊಸ ಸೀರೆ ಉಡಿಸಿ, ಗೋಡೆಗೆ ಆನಿಸಿ ಕೂರಿಸಿದ್ದರು, ನಮ್ಮವರು ಮಣ್ಣು ಮಾಡುವ ಮೊದಲು ಕೂರಿಸುವ ಹಾಗೆ. ಅಂಗೈಯಲ್ಲಿ ಲಿಂಗ ಇಟ್ಟಿದ್ದರು. ಅವಳದು ಬೇರೆ ಒಂದೂ ಫೋಟೋ ಇರಲಿಲ್ಲ. ಅಪ್ಪನೇ ನನ್ನನ್ನು ತಂದು ಅವಳ ತೊಡೆಯ ಮೇಲೆ ಇಟ್ಟ. ನಾನು ಬೀಳಬಾರದೆಂದು ಅಜ್ಜಿ ಪಕ್ಕದಲ್ಲಿ ಕೂತು ಹಿಡಿದುಕೊಂಡಳು.

"ಆವತ್ತ ಒಂದ ಸಲಕ್ಕ ಬಂತು," ಎಂದ ಜಾಫರಸಾಬ. "ಆಕಿ ಅಲಗಲಿಲ್ಲ. ನೀ ಒಬ್ಬಾಕಿನ ಅಲಗಿದ್ದಿ."

"ಸುಳ್ಳ," ಎಂದೆ. "ಕಣ್ಣ ತಗದಾವು ಫೋಟೋದಾಗ. ದಿನಾ ನೋಡ್ತೇನಿ ನಾ."

"ಅವು ನಾ ಬರದ ಕಣ್ಣ, ಬೇಟಿ. ಫೋಟೋದ ಮ್ಯಾಲ ಸಣ್ಣ ಬ್ರಶ್ಶಿಲೆ. ನಿಮ್ಮಪ್ಪ ಬರಿ ಅಂದ, ಬರದ್ನಿ."

ನನಗೆ ಅವನ ಕುತ್ತಿಗೆ ಹಿಡಿಯಬೇಕೆನಿಸಿತು. ಹತ್ತೊಂಬತ್ತು ವರ್ಷದ ನನ್ನ ಅಳು, ಜಗಳ, ಚಾಡಿ ಎಲ್ಲವನ್ನೂ ಕೇಳಿಸಿಕೊಂಡದ್ದು ಈ ಮುದುಕನ ಬ್ರಶ್ಶಿನ ಎರಡು ಚುಕ್ಕೆ. ಪರದೆಯ ತನಕ ಹೋದೆ, ಬಾಗಿಲ ತನಕ ಬಂದೆ, ಮತ್ತೆ ಪರದೆಗೆ ಹೋದೆ. ಕಾಲು ನಿಲ್ಲಲಿಲ್ಲ. ಅಳು ಬರಲಿಲ್ಲ, ಸಿಟ್ಟು ಬಂತು. ಆಮೇಲೆ ಒಮ್ಮೆಲೇ ಅವನು ಮೊದಲು ಹೇಳಿದ ಮಾತು ನೆನಪಾಯಿತು.

"ಇದ ಕುರ್ಚಿ ಮ್ಯಾಲ ಕುಂತಿದ್ಲು ಅಂದ್ರಿ. ಯಾವಾಗ?"

"ಮದವಿ ಆದ ಹೊಸದಾಗಿ. ಅಂದಪ್ಪ ಆಕೀನ್ನ ಕರಕೊಂಡ ಬಂದಿದ್ದ. ಎಷ್ಟ ಸಲ ತಗದ್ರೂ ಅಷ್ಟೂ ಕೆಟ್ಟವು. ಒಮ್ಮೆ ನಕ್ಕಳು, ಒಮ್ಮೆ ಎದ್ದ ಬಿಟ್ಟಳು, ಒಮ್ಮೆ ಗಂಡನ ಕಡೆ ತಿರುಗಿ ಏನೋ ಅಂದ್ಲು."

"ಆ ಕೆಟ್ಟವ ಎಲ್ಲಿ ಅದಾವು? ನನಗ ಅವು ಬೇಕು."

ನನಗೆ ಆ ಹೊತ್ತಿನಲ್ಲಿ ಬೇರೆ ಏನೂ ಬೇಕಾಗಿರಲಿಲ್ಲ. ಬದುಕಿದ್ದ ಅವ್ವನ ಮುಖ, ಎಷ್ಟೇ ಕೆಟ್ಟಿರಲಿ, ಒಂದು. ಅವನು ಇಲ್ಲ ಎನ್ನುವ ಮೊದಲೇ ನಾನು ಹಿಂದಿನ ಕೋಣೆಗೆ ನುಗ್ಗಿದ್ದೆ. ಆಗೆಲ್ಲ ಫೋಟೋ ಗಾಜಿನ ಮೇಲೆ ತೆಗೆಯುತ್ತಿದ್ದರು. ಆ ಗಾಜುಗಳು ಕಟ್ಟಿಗೆಯ ಪೆಟ್ಟಿಗೆಗಳಲ್ಲಿ ಸಾಲಾಗಿ ನಿಂತಿದ್ದವು. ಒಂದೊಂದೇ ತೆಗೆದು ಛಾವಣಿಯ ಬೆಳಕಿಗೆ ಹಿಡಿದೆ. ಕರಿ ಮುಖ, ಬಿಳಿ ಕೂದಲು, ಯಾರ್ಯಾರೋ ಗೌಡರು, ಯಾರ್ಯಾರೋ ಮದುಮಕ್ಕಳು. ಎಲ್ಲರೂ ಉಸಿರು ಹಿಡಿದು ಕೂತವರು. ಬೆರಳು ಕೊಯ್ದುಕೊಂಡೆ. ಜಾಫರಸಾಬ ಬಾಗಿಲಲ್ಲಿ ನಿಂತು, "ಇಲ್ಲ, ಬೇಟಿ. ಬಿಡು," ಎಂದ.

"ಯಾಕಿಲ್ಲ?"

"ಕೆಟ್ಟ ಗಾಜ ಯಾರ ಇಟ್ಕೊಂತಾರ? ಬಿಸಿನೀರಾಗ ಸೋಡಾ ಹಾಕಿ ತೊಳದ್ರ ಮ್ಯಾಲಿಂದೆಲ್ಲಾ ಬಿಟ್ಟ ಹೊಕ್ಕೈತಿ. ಗಾಜ ಸ್ವಚ್ಛ ಆಗತೈತಿ. ಅದನ್ನ ಬ್ಯಾರೆ ಫೋಟೋಕ್ಕ ಕಟ್ಟ ಹಾಕಾಕ ಬಳಸ್ತಿದ್ವಿ. ಹುನಗುಂದ, ಇಳಕಲ್ಲ, ಅಮೀನಗಡ, ಎಷ್ಟ ಮನ್ಯಾಗ ದೇವರ ಫೋಟೋದ ಮ್ಯಾಲ ನನ್ನ ಕೆಟ್ಟ ಗಾಜ ಅದಾವೋ."

"ನಮ್ಮ ಮನಿ ಫೋಟೋದ ಮ್ಯಾಲಿನ ಗಾಜ?"

ಅವನು ನಾನು ಕಿತ್ತಿಟ್ಟ ಗಾಜೊಂದನ್ನು ಪೆಟ್ಟಿಗೆಗೆ ಸೇರಿಸಿದ. "ಅದೂ ಅದರಾಗಿಂದನ ಇರಬೇಕು," ಎಂದ. ಪಾಪ, ಸುಳ್ಳು ಹೇಳಬಹುದಿತ್ತು.

ನಾನು ಹೋಗಿ ಕುರ್ಚಿಯ ಮೇಲೆ ಕೂತೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ. ಅವನು ಬೆರಳಿಗೆ ಬಟ್ಟೆ ಕಟ್ಟಿದ, ಕೈಯನ್ನು ಸೆರಗಿನಡಿ ಮುಚ್ಚಿಟ್ಟ, ಮುಚ್ಚಳ ತೆಗೆದ, ಎಣಿಸಿದ. ಆ ಸಲ ನಾನು ಅಲುಗಲಿಲ್ಲ.

"ಇದು ನಿಂತೈತಿ," ಎಂದ.

"ಮೊದಲಿನವೂ ನನಗ ಬೇಕು. ಕೆಟ್ಟವು."

"ಕೆಟ್ಟ ಫೋಟೋ ಕೊಟ್ರ ನನ್ನ ಅಂಗಡಿ ಮಾನ ಉಳಿತೈತೇನು?"

"ನಿಮ್ಮ ಅಂಗಡಿ ಮಾನ ನನಗ ಬೇಕಾಗಿಲ್ಲ, ಚಾಚಾ. ಒಂದ ಸಲ ತೊಳದ್ರಿ, ಸಾಕು."

ಯಾಕೆ ಬೇಕೆಂದು ನನಗೂ ಗೊತ್ತಿರಲಿಲ್ಲ. ಅವನು ಮತ್ತೊಂದನ್ನು ಎಸೆಯಲು ಬಿಡಬಾರದು ಎಂಬ ಹಟ, ಅಷ್ಟೇ. ಮುದುಕ ಆಗಲಿ ಎಂದ.

ತಿರುಗಿ ಬರುವಾಗ ಬಸ್ಸು ತುಂಬಿತ್ತು. ಹುನಗುಂದ ದಾಟುವವರೆಗೂ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಆಮೇಲೆ ಆಗಲಿಲ್ಲ.

"ಯಪ್ಪಾ, ಹೆಣದ ತೊಡಿ ಮ್ಯಾಲ ನನ್ನ ಕುಂದರ್ಸಿದ್ದಿ."

ಮುಂದಿನ ಸೀಟಿನವರು ತಿರುಗಿ ನೋಡಿದರು. ಅಪ್ಪ ತನ್ನ ಕೈ ನೋಡಿಕೊಂಡ. ನೂಲು ಹಿಡಿದು ಹಿಡಿದು ಗೆರೆ ಬಿದ್ದ ಕೈ.

"ಹೆಣ ಅನಬ್ಯಾಡ," ಎಂದ. "ನಿಮ್ಮವ್ವ ಆಕಿ."

"ಕಣ್ಣ ಯಾಕ ಬರಸಿದಿ?"

"ಬರಸಲಿಲ್ಲಂದ್ರ ನೀ ಏನ ನೋಡ್ತಿದ್ದಿ?" ಕಿಟಕಿಯ ಕಡೆ ಮುಖ ತಿರುಗಿಸಿದ. "ಎಲ್ಲಾರೂ ಅಳಾಕತ್ತಿದ್ರು. ನನಗ ಅಳೂಕಿಂತ ಅಂಜಿಕಿ ಬಂತು ಬಸಲಿ, ಆಕಿ ಮಕ ಮರತ ಬಿಡ್ತೇನಿ ಅಂತ. ಅದಕ್ಕ ತಗಸಿದ್ನಿ. ಈಗ ನೋಡು, ಕಣ್ಣ ಮುಚ್ಚಿದ್ರ ನನಗೂ ಆ ಫೋಟೋನ ಬರತೈತಿ. ಆ ಸಾಬ ಬರದ ಕಣ್ಣ ನೆನಪ ಅದಾವು. ಆಕಿ ಕಣ್ಣ ಹೆಂಗಿದ್ವು, ಹೋಗಿಬಿಟ್ಟಾವು."

ನಾನು ಬೈಯಬೇಕೆಂದು ಕೂಡಿಟ್ಟುಕೊಂಡದ್ದೆಲ್ಲ ಅಲ್ಲೇ ಉಳಿಯಿತು. ಅವನ ಕೈ ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಕಿಟಕಿಯ ಸರಳು ಹಿಡಿದು ಇಳಕಲ್ಲಿನವರೆಗೆ ನಿಂತೇ ಬಂದೆ.

ಆ ವಾರವೆಲ್ಲ ಕೆಂಡದ ಮೇಲೆ ಕಾಲಿಟ್ಟ ಹಾಗಿತ್ತು. ಫೋಟೋ ಇದ್ದ ಕೋಣೆಗೆ ಹೋಗಲಾರೆ, ಹೋಗದೆ ಇರಲಾರೆ. ಹೋದಾಗಲೆಲ್ಲ ಕಣ್ಣು ಆ ಗಾಜಿಗೇ ಅಂಟುತ್ತಿತ್ತು. ಇದರ ಮೇಲೆ ಒಂದು ಕಾಲಕ್ಕೆ ಅವ್ವ ನಗುತ್ತಿದ್ದಳೇನೋ, ತೊಳೆದುಹಾಕಿ ಅದನ್ನು ಅವಳ ಹೆಣಕ್ಕೇ ಮುಚ್ಚಿದ್ದಾರೇನೋ ಎಂದುಕೊಂಡು ಹೊರಗೆ ಓಡುತ್ತಿದ್ದೆ. ಅಜ್ಜಿಯ ಬೆನ್ನು ಬಿದ್ದೆ.

"ನಮ್ಮವ್ವ ಹೆಂಗಿದ್ಲು, ಅಜ್ಜಿ?"

"ಹೆಂಗಂದ್ರ? ಇದ್ದಂಗ ಇದ್ಲು."

"ನನ್ನಂಗ ಇದ್ಲ?"

"ನಿನ್ನಂಗ ಯಾರಿರ್ತಾರ. ತಲಿ ತಿನಬ್ಯಾಡ, ಹೋಗು."

ಮುಂದಿನ ಸೋಮವಾರ ಒಬ್ಬಳೇ ಹುನಗುಂದಕ್ಕೆ ಹೋಗಿ ಫೋಟೋ ತಂದೆ. ಅಲುಗದೆ ಕೂತದ್ದು ಬಲು ಚಂದ ಬಂದಿತ್ತು. ಗೋಡೆಯ ಮೇಲಿನ ಅವ್ವನ ತಂಗಿಯ ಹಾಗಿದ್ದೆ. ಮುಂದೆ ಅದು ಬದಾಮಿಗೆ ಹೋಯಿತು, ಅವರು ಒಪ್ಪಿದರು. ಒಪ್ಪದೆ ಏನು, ಆ ಫೋಟೋದಲ್ಲಿದ್ದವಳು ಬಾಯಿ ತೆರೆಯುವವಳಲ್ಲ. ಕೆಟ್ಟವುಗಳಲ್ಲಿ ಮೂಗು ತುರಿಸಿದ್ದು ಪೂರ್ತಿ ಮಸಿ. ಸೈಕಲ್ಲಿನ ಕಡೆ ತಿರುಗಿದ್ದರಲ್ಲಿ ಸೀರೆ ಇದೆ, ಕುರ್ಚಿ ಇದೆ, ಕೊರಳ ಮೇಲೆ ಮುಖವೊಂದು ಹರಿದುಹೋಗುತ್ತಿದೆ. ಕಣ್ಣು ಎರಡೂ ಗೆರೆ. ಬಾಯಿ ಏನೋ ಅನ್ನಲು ಹೊರಟಿದೆ. ಜಡೆ ಕುರ್ಚಿಯ ಹಿಂದೆ ಗಾಳಿಯಲ್ಲಿದೆ.

ಅಜ್ಜಿ ಅಂಗಳದ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಸಜ್ಜೆ ಆರಿಸುತ್ತಿದ್ದಳು. ಮೊಮ್ಮಗಳ ಅವತಾರ ತೋರಿಸಿ ಅವಳನ್ನು ನಗಿಸೋಣವೆಂದು ಆ ಮಸುಕಾದದ್ದನ್ನು ಮೊರದ ಮೇಲೆ ಇಟ್ಟೆ. ಬಾಯಿ ತೆರೆಯುವ ಮೊದಲೇ ಅವಳು ಅದನ್ನು ಎತ್ತಿಕೊಂಡಿದ್ದಳು. ಸಜ್ಜೆ ಅಂಗಳದ ತುಂಬ ಚೆಲ್ಲಿತು.

"ಇದ ಎಲ್ಲಿ ಸಿಕ್ತು?"

"ಹುನಗುಂದದಾಗ," ಎಂದೆ.

"ಆ ಸಾಬ ಇಟ್ಟಿದ್ನ? ಇಷ್ಟ ವರ್ಷ ತನ್ನ ಹತ್ರನ ಇಟ್ಕೊಂಡಿದ್ನ?" ಫೋಟೋವನ್ನು ಮುಖದ ಹತ್ತಿರ ಒಯ್ದಳು, ದೂರ ಹಿಡಿದಳು. "ನನ್ನ ಇಂದ್ರಿ. ಹಿಂಗ ಇದ್ಲು ನೋಡ, ಬಸಲಿ. ಹಿಂಗ ಇದ್ಲು. ಕರದ್ರ ಇತ್ತಾಗ ಹೊಳ್ಳೂದ್ರಾಗ ಅತ್ತಾಗ ಹೊಂಟಿರ್ತಿದ್ಲು. ನಿಂತಲ್ಲಿ ನಿಂತ ನೀರ ಕುಡದಾಕಿ ಅಲ್ಲ. ಬನಶಂಕರಿಗೆ ಹೋಗ್ತೇನಿ ಅಂತ ಹೇಳಿ ಪಟ್ಟದಕಲ್ಲಿಗೆ ಹೋಗಿ, ಹೊಳ್ಯಾಗ ಈಸಿ ಬಂದಾಕಿ. ನಾ ಬೈದ್ನಿ. ಎಷ್ಟ ಬೈದ್ನಿ."

ಅವಳು ಅತ್ತಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ನನಗೂ ಆಗ ಅಳು ಬಂತು, ಹುನಗುಂದದಲ್ಲಿ ಬಾರದ್ದು ಇಲ್ಲಿ ಬಂತು. ಅದು ನಾನು ಎಂದು ಹೇಳಲಿಲ್ಲ. ಹೇಳಲು ಮನಸ್ಸೇ ಬರಲಿಲ್ಲ. ಅವಳ ಭುಜದ ಮೇಲಿಂದ ಬಾಗಿ ನಾನೂ ಆ ಮುಖ ನೋಡಿದೆ, ಮೊದಲ ಸಲ ನೋಡುವವರ ಹಾಗೆ.

ಅಪ್ಪ ಮಲ್ಲಿಗೆಯ ಪೊಟ್ಟಣ ಹಿಡಿದು ಒಳಗೆ ಬಂದ. ಅಜ್ಜಿ ಅವನ ಮುಂದೆ ಫೋಟೋ ಚಾಚಿದಳು.

"ನೋಡ್ರಿ, ಅಳಿಯಂದ್ರ. ಇಂದ್ರಿ ಸಿಕ್ಕಾಳ."

ಅಪ್ಪ ನೋಡಿದ. ತಾನೇ ನೇಯ್ದ ಸೆರಗು ಅವನಿಗೆ ಗೊತ್ತಾಗದೆ ಹೋಗಲು ಸಾಧ್ಯವೇ ಇಲ್ಲ. ನನ್ನ ಕಡೆ ನೋಡಿದ, ಮತ್ತೆ ಫೋಟೋ ನೋಡಿದ. ಈ ಸಲ ಬಹಳ ಹೊತ್ತು ನೋಡಿದ. "ಹೌದ್ರಿ, ಅತ್ತಿಯವರ," ಎಂದ. "ಹಿಂಗ ನನ್ನ ಕಡೆ ತಿರುಗಿ ಏನೋ ಅಂದಿದ್ಲು."

ಅಜ್ಜಿ ಕಣ್ಣು ಒರೆಸಿಕೊಂಡು ಎದ್ದಳು. ಫೋಟೋವನ್ನು ಗೋಡೆಯ ಗೂಡಿನಲ್ಲಿ ಇಟ್ಟು, ಅಪ್ಪನ ಕೈಯಿಂದ ಪೊಟ್ಟಣ ಕಸಿದುಕೊಂಡು ಹೂದಂಡೆ ಬಿಚ್ಚಿದಳು. ಅಪ್ಪನ ಮುಖ ಬಿಳಿಚಿತು. ಜೀವ ಇದ್ದವರ ಫೋಟೋಕ್ಕೆ ಹೂ ಏರಿಸಬಾರದೆಂದು ನಮ್ಮಲ್ಲಿ ಸಣ್ಣ ಕೂಸಿಗೂ ಗೊತ್ತು.

"ಬ್ಯಾಡ್ರಿ," ಎಂದು ಮುಂದೆ ಬಂದ.

ನಾನು ಅವನ ತೋಳು ಹಿಡಿದೆ. "ಏರಸಲಿ ಬಿಡು, ಯಪ್ಪಾ."

ಅಜ್ಜಿ ದಂಡೆ ಹಿಡಿದ ಕೈ ಎತ್ತಿದಳು. ಎತ್ತಿದ ಕೈ ಫೋಟೋದ ಹತ್ತಿರ ಹೋಗಿ ನಿಂತಿತು. ಆ ಓಡುವ ಮುಖವನ್ನು ನೋಡುತ್ತ ನಿಂತವಳು ಇದ್ದಕ್ಕಿದ್ದಂತೆ ನಕ್ಕಳು.

"ಇಷ್ಟ ಅಲಗಾಡಾಕಿ ತಲಿ ಮ್ಯಾಲ ಹೂ ಎಲ್ಲಿ ನಿಂದರತಾವು?" ಎಂದಳು. ಹೊರಳಿ ನನ್ನ ಜಡೆ ಹಿಡಿದು ತನ್ನ ಕಡೆ ಎಳೆದುಕೊಂಡಳು. "ಬಾ ಇಲ್ಲಿ. ನೀ ಮುಡಕೊ. ಸ್ವಲ್ಪ ಅಲಗದ ನಿಂದ್ರು."

ಅವಳ ಬೆರಳು ಕೂದಲಲ್ಲಿ ಆಡುತ್ತಿದ್ದವು. ಕೆಳಗೆ ಸಜ್ಜೆ ಚೆಲ್ಲಿತ್ತು, ಗುಬ್ಬಿಗಳು ಬಂದು ಆರಿಸತೊಡಗಿದ್ದವು. ಅಜ್ಜಿ ಹೂ ಮುಡಿಸಿ ಮುಗಿಸುವ ತನಕ ನಾನು ಅಲುಗದೆ ನಿಂತೆ.